ಬೊಗಸೆ ಬರಗು, ಒಂದು ಮಾತ್ರೆ

ಬಿಶ್ಕೆಕ್
12 ನವೆಂಬರ್ 2018

ಅಪ್ಪನಿಗೆ ಬುರುಲ್ ಮಾಡುವ ಸಲಾಮು.

ಈ ಕಾಗದವನ್ನು ಮಿನಿಬಸ್ ಓಡಿಸುವ ಎಸೆನ್ ಕೈಯಲ್ಲಿ ಕೊಟ್ಟು, ನಿಮ್ಮ ಕೈಗೇ ಮುಟ್ಟಿಸಬೇಕೆಂದು ಆಣೆ ಹಾಕಿಸಿಕೊಂಡಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಸಿಗ್ನಲ್ ಹುಡುಕಿ ಗುಡ್ಡ ಹತ್ತುವುದು, ಅಲ್ಲಿಂದ "ಆಂ? ಏನಂದೆ?" ಎಂದು ಕೂಗುವುದು, ಹಳ್ಳಿಯೆಲ್ಲ ಕೇಳಿಸಿಕೊಳ್ಳುವುದು ಬೇಡ. ಕನಸನ್ನು ಕೂಗಿ ಹೇಳಬಾರದೆಂದು ಕಲಿಸಿದವರು ನೀವೇ.

ಹೌದು, ಕನಸು. ಅಪ್ಪ, ಕೂತುಕೊಂಡು ಓದಿ.

ಎಂಟು ದಿನದಿಂದ ಬೀಳುತ್ತಿದೆ. ಮೊದಲು ಧೂಳು ಏಳುತ್ತದೆ, ಆಮೇಲೆ ಒಂದು ಬೂದು ಕುದುರೆ. ಅದರ ಮೇಲೆ ಬಿಳಿ ಕಂಬಳಿ ಟೋಪಿಯ ಮುದುಕ. ಅವನ ಮುಖದ ಸುಕ್ಕುಗಳನ್ನು ಎಣಿಸಬಹುದು, ಅಷ್ಟು ನಿಚ್ಚಳ. ಕುದುರೆಯ ಬೆವರಿನ ವಾಸನೆ ಎದ್ದ ಮೇಲೂ ಮೂಗಿನಲ್ಲೇ ಇರುತ್ತದೆ. ಮೊದಲ ದಿನ ಸುಮ್ಮನೆ ನೋಡಿಕೊಂಡು ಹೋದ. ಐದನೆಯ ದಿನ ಕುದುರೆಯಿಂದ ಇಳಿದು ಬಂದು, "ಬಾಯಿ ತೆಗಿ ಹುಡುಗಿ" ಅಂದ. ತೆಗೆದೆ. ಬೊಗಸೆ ತುಂಬ ಬರಗು ಸುರಿದ. "ಅಗೀಬೇಡ, ನುಂಗು" ಅಂದ. ನುಂಗಿದೆ. ಎಚ್ಚರವಾದಾಗ ನಾಲಿಗೆಯ ಮೇಲೆ ಸಾಲುಗಳಿದ್ದವು. ನೀವು ಚಿಕ್ಕಂದಿನಲ್ಲಿ ನಮಗೆ ಹಾಡುತ್ತಿದ್ದ ವೀರರ ಕಥೆಯೇ, ಆದರೆ ನಿಮ್ಮ ಬಾಯಲ್ಲಿ ನಾನು ಕೇಳಿರದ ಸಾಲುಗಳು.

ನಿನ್ನೆ ಹೊಲಿಗೆ ಕಾರ್ಖಾನೆಯಲ್ಲಿ ಕೋಟಿಗೆ ತೋಳು ಕೂಡಿಸುತ್ತ ಗುನುಗುತ್ತಿದ್ದೆ. ದನಿ ಯಾವಾಗ ಏರಿತೋ ನನಗೇ ತಿಳಿಯಲಿಲ್ಲ. ತಲೆ ಎತ್ತಿದರೆ ಹದಿನಾಲ್ಕು ಹೊಲಿಗೆ ಮಿಷನ್ನುಗಳೂ ನಿಂತಿದ್ದವು. ನಮ್ಮ ಮೇಸ್ತ್ರಿ ಹೆಂಗಸು ಮಹಾ ಜಗಳಗಂಟಿ, ಈಗ ಬೈಯುತ್ತಾಳೆ ಅಂದುಕೊಂಡೆ. "ನಿಲ್ಲಿಸ್ಬೇಡ ಕಣೇ, ಆ ಕುದುರೆ ಹೊಳೆ ದಾಟ್ತೋ ಇಲ್ವೋ ಹೇಳು" ಅಂದಳು.

ಕಥೆ ಹಾಡುವವರನ್ನು ಕನಸೇ ಬಂದು ಕರೆಯಬೇಕು, ಬರೀ ಕಲಿತು ಹಾಡುವವನು ಹಾಡುಗಾರನಲ್ಲ ಎಂದು ನೀವು ಹೇಳುತ್ತಿದ್ದಿರಿ. ಅದು ಹೆಂಗಸನ್ನೂ ಕರೆಯುತ್ತದೆಯೇ? ಬೇಗ ಬರೆಯಿರಿ, ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಮೈ ಪರವಾಗಿಲ್ಲ. ಬೇಸಿಗೆಯಲ್ಲಿ ಇಳಿದ ತೂಕ ಇನ್ನೂ ಏರಿಲ್ಲ. ಹತ್ತು ದಿನದಿಂದ ಆಸ್ಪತ್ರೆಯವರು ಹೊಸ ಮಾತ್ರೆ ಕೊಡುತ್ತಿದ್ದಾರೆ, ಮಲಗುವ ಮುಂಚೆ ಒಂದು. ಎದೆಯ ನಿಶ್ಶಕ್ತಿಗೆ.

ನಿಮ್ಮ ಮಗಳು
ಬುರುಲ್


ಕಾರಾ-ಬುಲಾಕ್
19 ನವೆಂಬರ್ 2018

ನನ್ನ ಮರಿಕುದುರೆಗೆ,

ನಿನ್ನ ಕಾಗದ ಓದಿ ಎದ್ದು ನಿಂತೆ. ಕೂತೆ. ಮತ್ತೆ ನಿಂತೆ. "ಏನ್ರೀ, ಪ್ಯಾಂಟಿಗೆ ಇರುವೆ ಹೊಕ್ತಾ?" ಎಂದಳು ನಿನ್ನ ಅಮ್ಮ. ಅವಳಿಗೂ ಓದಿ ಹೇಳಿದೆ. ಎರಡು ಸಲ.

ಕರೆಯುತ್ತದೆ. ಹೆಂಗಸನ್ನೂ ಕರೆಯುತ್ತದೆ. ಈ ಅಸನಾಲಿಯ ಮಗಳನ್ನು ಕರೆಯದೆ ಇನ್ಯಾರನ್ನು ಕರೆಯಬೇಕು? ಬೂದು ಕುದುರೆ, ಬಿಳಿ ಟೋಪಿ, ಬರಗು, ಮೂರು ಗುರುತೂ ಸರಿಯಾಗಿವೆ. ಮದುವೆಯಾದ ವರ್ಷ ನನಗೆ ಬಿದ್ದ ಕನಸನ್ನು ನೂರು ಸಲ ಕೇಳಿದ್ದೀಯಲ್ಲ, ಕಣಿವೆಯ ಮಂಜಿನಿಂದ ಬಂದ ಏಳು ಸವಾರರು. ಇದೂ ಅದೇ ದಾರಿಯದು. ಇದನ್ನು ಬರೆಯುವಾಗ ನಿನ್ನ ಅಮ್ಮ ಪಕ್ಕದಲ್ಲಿ ಕೂತು ನಗುತ್ತಿದ್ದಾಳೆ. "ಆ ವರ್ಷ ನಿಮ್ಮ ಗೊರಕೆಗೆ ಕುರಿಗಳೇ ಬೆದರ್ತಿದ್ವು, ಕನಸಿಗೆ ಜಾಗ ಎಲ್ಲಿತ್ತು" ಎನ್ನುತ್ತಾಳೆ. ನಲವತ್ತೊಂದು ವರ್ಷದಿಂದ ಇದೇ ಮಾತು. ಅವಳನ್ನು ಬಿಡು.

ನೀನು ಬೇಸಿಗೆಯಲ್ಲಿ ಏಕೆ ಸೊರಗಿದೆ ಎಂದು ಈಗ ತಿಳಿಯಿತು. ಅದು ಎದೆಯ ಕಾಯಿಲೆಯಲ್ಲ ಮಗಳೇ, ಕರೆಯ ಕಾಯಿಲೆ. ಕಥೆ ಒಳಗೆ ಬಂದು ಕೂತಿದೆ, ಹೊರಗೆ ಬಿಡದಿದ್ದರೆ ಮೈ ತಿನ್ನುತ್ತದೆ. ಹಿಂದಿನ ಹಾಡುಗಾರರೆಲ್ಲ ಹೀಗೆಯೇ ಸೊರಗಿ, ಹಾಡಲು ಕೂತ ಮೇಲೆ ಚೇತರಿಸಿಕೊಂಡವರು.

ಎಸೆನ್ ಕೈಯಲ್ಲಿ ಕುರಿಯ ಬಾಲದ ಕೊಬ್ಬು, ಒಣಗಿಸಿದ ಕುದುರೆ ಮಾಂಸ, ಒಂದು ಡಬ್ಬಿ ಬೆಣ್ಣೆ ಕಳಿಸಿದ್ದೇನೆ. ಮಲಗುವ ಮುಂಚೆ ಬಿಸಿ ಸಾರಿನಲ್ಲಿ ಹಾಕಿಕೊಂಡು ಕುಡಿ. ಅಷ್ಟು ದೂರದಿಂದ ಬರುವ ಸವಾರರನ್ನು ಹಸಿದ ಹೊಟ್ಟೆಯಲ್ಲಿ ಎದುರುಗೊಳ್ಳಬಾರದು.

ಹಿಗ್ಗಿ ಹೋಗಿರುವ
ನಿನ್ನ ಅಪ್ಪ


ಬಿಶ್ಕೆಕ್
9 ಡಿಸೆಂಬರ್ 2018

ಅಪ್ಪನಿಗೆ ಸಲಾಮು.

ನಿಮ್ಮ ಸಾರಿನಲ್ಲಿ ಏನಿದೆ? ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಅಪ್ಪ ಕಳಿಸಿದ ಕೊಬ್ಬು ಮನೆಯಲ್ಲಿಟ್ಟುಕೊಂಡು ಖಾಲಿ ಹೊಟ್ಟೆಯಲ್ಲಿ ಮಲಗಲು ನನಗೇನು ಹುಚ್ಚೇ. ಸಾರು ಕುಡಿಯಲು ಶುರು ಮಾಡಿದ ಮೇಲೆ ಮುದುಕ ಒಬ್ಬನೇ ಬರುವುದಿಲ್ಲ. ದಂಡೇ ಬರುತ್ತದೆ. ಬಾವುಟದ ಅಂಚಿನ ಹೊಲಿಗೆ ಕೂಡ ಕಾಣುತ್ತದೆ, ಎಂಥ ದಾರ, ಎಷ್ಟು ಅಗಲ ಎಂದು ಹೇಳಬಲ್ಲೆ. ಬೆಳಗ್ಗೆ ಎದ್ದರೆ ನೆಲ ಓಲಾಡುತ್ತದೆ, ಕಂಬಿ ಹಿಡಿದು ಮೆಟ್ಟಿಲಿಳಿಯುತ್ತೇನೆ. ಮೊನ್ನೆ ಒಂದು ಕೋಟಿಗೆ ಎರಡೂ ಎಡಗೈ ತೋಳುಗಳನ್ನೇ ಕೂಡಿಸಿಬಿಟ್ಟೆ. ಮೇಸ್ತ್ರಿ ಅದನ್ನು ಎತ್ತಿ ಹಿಡಿದು, "ಇದು ಯಾವ ವೀರನಿಗಮ್ಮ?" ಎಂದಳು. ಕಾರ್ಖಾನೆಯೇ ನಕ್ಕಿತು.

ಆದರೆ ಹೋದ ಭಾನುವಾರ, ಪಕ್ಕದ ಬೀದಿಯ ತೊಟ್ಟಿಲ ಊಟದಲ್ಲಿ ಎರಡು ಗಂಟೆ ಹಾಡಿದೆ. ಎದ್ದು ಹೋಗಿದ್ದವರು ವಾಪಸು ಬಂದು ಕೂತರು. ಒಬ್ಬ ಅಜ್ಜ ಮುಗಿಯುವ ತನಕ ಟೋಪಿಯಲ್ಲಿ ಕಣ್ಣು ಒರೆಸುತ್ತಲೇ ಇದ್ದ. ನನಗೆ ಇಪ್ಪತ್ತೊಂಬತ್ತು ವರ್ಷ. ಇಷ್ಟು ದಿನ ನಾನು ಒಬ್ಬರ ಮಗಳು, ಒಬ್ಬನ ಹೆಂಡತಿ, ಎರಡನೆಯ ಸಾಲಿನ ಏಳನೆಯ ಮಿಷನ್ನು. ಮೊದಲ ಸಲ ನಾನು ನಾನಾಗಿದ್ದೇನೆ ಅನ್ನಿಸಿತು.

ನಿಮ್ಮ ಅಳಿಯ ತೀರಿಕೊಂಡು ಏಪ್ರಿಲ್‌ಗೆ ವರ್ಷವಾಗುತ್ತದೆ. ಇಷ್ಟೊಂದು ಜನ ಕನಸಿಗೆ ಬರುತ್ತಾರೆ, ಸಮತ್ ಒಂದು ದಿನವೂ ಬಂದಿಲ್ಲ. ಬಾರದಿರುವುದೇ ಒಳ್ಳೆಯದು. ಆ ಮಾತು ಇಲ್ಲಿಗೇ ಬಿಡುತ್ತೇನೆ.

ನಿಮ್ಮ
ಬುರುಲ್


ಕಾರಾ-ಬುಲಾಕ್
4 ಜನವರಿ 2019

ಮರಿಕುದುರೆಗೆ,

ಎಲ್ಲ ಗೊತ್ತು ಮಾಡಿದ್ದೇನೆ. ಮಾರ್ಚ್ ಇಪ್ಪತ್ತೊಂದು, ನೂರೂಜ್ ಹಬ್ಬದ ದಿನ, ನಮ್ಮ ಶಾಲೆಯ ಬಯಲಿನಲ್ಲಿ ನೀನು ಹಾಡುತ್ತೀಯೆ. ನಾಲ್ಕು ಹಳ್ಳಿಗೆ ಕುದುರೆ ಮೇಲೆ ಹೋಗಿ ನಾನೇ ಹೇಳಿ ಬಂದೆ. ಹಿರಿಯ ಹಾಡುಗಾರ ಕಾಡಿರಾಲಿ ಅಜ್ಜ ಬರುತ್ತಾನೆ. ಎಂಬತ್ತೆಂಟು ವಯಸ್ಸು, ಹಾಸಿಗೆಯಿಂದ ಏಳುವುದೇ ಅಪರೂಪ, ಆದರೂ "ಅಸನಾಲಿ ಮಗಳಿಗೆ ಆಶೀರ್ವಾದ ನಾನೇ ಮಾಡ್ತೀನಿ" ಅಂದ. ಕ್ರಮ ನಿನಗೆ ಗೊತ್ತಲ್ಲ. ಮೊದಲು ಸಭೆಯ ಎದುರು ನಿಂತು ಕನಸು ಹೇಳಬೇಕು. ಹಿರಿಯ ಹಾಡುಗಾರ ಅಂಗೈ ಎತ್ತಿ ಹರಸಬೇಕು. ಆಮೇಲೆ ಹಾಡು. ಕಂದು ಹೆಣ್ಣುಕುದುರೆಯನ್ನು ನಿನ್ನ ಹೆಸರಿಗೆ ಬಿಟ್ಟಿದ್ದೇನೆ.

ಇನ್ನು ಒಂದು ಮಾತು. ಆ ಮಾತ್ರೆಗಳನ್ನು ಬಿಸಾಕು. ಕರೆ ಬಂದವರು ಡಾಕ್ಟರ ಮದ್ದು ತಿನ್ನಬಾರದು, ಮದ್ದಿನ ವಾಸನೆಗೆ ಸವಾರರು ಹಿಂದಿರುಗಿ ಹೋಗುತ್ತಾರೆ. ಮೇಲಿನ ಹಳ್ಳಿಯ ಒಬ್ಬನಿಗೆ ಕರೆ ಬಂದಿತ್ತು, ಸೂಜಿ ಚುಚ್ಚಿಸಿಕೊಂಡ, ಅಲ್ಲಿಗೆ ಅವನ ಬಾಯಿ ಕಟ್ಟಿತು. ನಿನ್ನ ಕಾಯಿಲೆಗೆ ಹಾಡೇ ಮದ್ದು. ಅಪ್ಪನ ಮಾತು ಕೇಳು.

ನಿನ್ನ
ಅಪ್ಪ


ಬಿಶ್ಕೆಕ್
14 ಫೆಬ್ರವರಿ 2019

ಅಪ್ಪ,

ಜನವರಿ ಹತ್ತಕ್ಕೆ ಮಾತ್ರೆ ನಿಲ್ಲಿಸಿದೆ. ಡಬ್ಬಿಯನ್ನು ಬಿಸಾಕಲು ಮನಸ್ಸು ಬರಲಿಲ್ಲ, ನೂಲುಂಡೆಗಳ ಕೆಳಗೆ ಇಟ್ಟೆ. ನಾನೂ ನಿಮ್ಮ ಮಾತನ್ನು ನಂಬಬೇಕೆಂದು ಆಸೆಪಟ್ಟೆ. ಎಷ್ಟು ಆಸೆಪಟ್ಟೆ ಎಂದು ನಿಮಗೆ ತಿಳಿಯದು.

ಮೊದಲ ವಾರ ದಂಡು ಬಂತು. ಆಮೇಲೆ ಬಣ್ಣ ಮಾಸಿತು. ಹದಿನೈದನೆಯ ದಿನ ಮುದುಕ ಬೆನ್ನು ತಿರುಗಿಸಿ ನಿಂತಿದ್ದ. ಅದೇ ಕೊನೆ. ಈಗ ಮಲಗಿದರೆ ಏನೂ ಇಲ್ಲ. ಸಾರು ಕುಡಿದೆ, ಬೆಣ್ಣೆ ತಿಂದೆ, ದಿಂಬು ಬದಲಿಸಿದೆ, ಏನೂ ಇಲ್ಲ. ಕಾರ್ಖಾನೆಯಲ್ಲಿ ಹಾಡು ಎಂದರು, ಬಾಯಿ ತೆರೆದು ಹಾಗೇ ಕೂತೆ.

ನಾಲ್ಕು ದಿನದಿಂದ ಜ್ವರ. ಕತ್ತಿನಲ್ಲಿ ಗಂಟುಗಳೆದ್ದಿವೆ. ನನಗೆ ಭಯವಾಗಿದೆ.

ಬುರುಲ್


ಕಾರಾ-ಬುಲಾಕ್
19 ಫೆಬ್ರವರಿ 2019

ಬುರುಲ್,

ಯಾರ ಜೊತೆಯಾದರೂ ಜಗಳವಾಡಿದೆಯಾ? ಕನಸನ್ನು ಯಾರಿಗಾದರೂ ಹೇಳಿಬಿಟ್ಟೆಯಾ? ದರ್ಗಾದ ಬಳಿ ಒಂದು ರಾತ್ರಿ ಮಲಗು. ನಾನು ಇಲ್ಲಿ ಕುರಿ ಕಡಿಸುತ್ತೇನೆ. ಜ್ವರ ಬಂದರೆ ಬರಲಿ, ಕರೆಗೆ ಬೆನ್ನು ತೋರಿಸಿದ್ದಕ್ಕೆ ಬಂದಿದೆ. ನಾಲ್ಕು ಹಳ್ಳಿಗೆ ಹೇಳಿದ್ದೇನೆ, ಕಾಡಿರಾಲಿ ಅಜ್ಜನ ಮುಂದೆ ನನ್ನ ಮುಖ ಎಲ್ಲಿಡಲಿ?

ಅಪ್ಪ

ಮೇಲಿನದನ್ನು ಸಿಟ್ಟಿನಲ್ಲಿ ಬರೆದೆ. ಕತ್ತಿನ ಗಂಟು ಎಂಥದು, ಬರೆ. ಅಮ್ಮ ಕೇಳುತ್ತಿದ್ದಾಳೆ.


ಬಿಶ್ಕೆಕ್
2 ಮಾರ್ಚ್ 2019

ಅಪ್ಪ,

ಇದನ್ನು ನೀವೊಬ್ಬರೇ ಇರುವಾಗ ಓದಿ. ಆಮೇಲೆ ಅಮ್ಮನಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ನನಗಿರುವುದು ಎದೆಯ ನಿಶ್ಶಕ್ತಿಯಲ್ಲ. ಎಚ್‌ಐವಿ. ಸಮತ್ ಸತ್ತದ್ದು ಬರೀ ನ್ಯುಮೋನಿಯಾದಿಂದಲ್ಲ. ರಷ್ಯಾದಲ್ಲಿ ಕೂಲಿಗಿದ್ದಾಗ ಅಂಟಿಸಿಕೊಂಡು ಬಂದ, ಗೊತ್ತಿದ್ದೂ ನನಗೆ ಹೇಳಲಿಲ್ಲ. ಸಾಯುವ ಹಿಂದಿನ ವಾರ ಹೇಳಿದ. ನಾನು ಅವನಿಗೆ ನೀರು ಕುಡಿಸುತ್ತಿದ್ದೆ. ಲೋಟ ಇಟ್ಟು ಎದ್ದು ಹೋದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಹತ್ತು ದಿನದ ಹಿಂದೆ ಜ್ವರದಲ್ಲೇ ಡಾಕ್ಟರಮ್ಮನ ಹತ್ತಿರ ಹೋದೆ. ಮಾತ್ರೆ ಬಿಟ್ಟೆ ಎಂದೆ. ಅವರು ಬೈಯಲಿಲ್ಲ, ಬಾಗಿಲು ಹಾಕಿ ಬಂದು ಕೂತರು.

"ನೀನು ಹೊಲಿಗೆಯವಳು, ನಿನಗೆ ಅರ್ಥ ಆಗುತ್ತೆ. ವೈರಸ್ ತಾನಾಗಿ ಬೆಳೆಯಲ್ಲ. ಒಬ್ಬ ಕಳ್ಳ ನಿಮ್ಮ ಕಾರ್ಖಾನೆಗೆ ನುಗ್ಗಿ, ತನ್ನ ನಕ್ಷೆ ಇಟ್ಟು, ನಿಮ್ಮ ಬಟ್ಟೇಲಿ, ನಿಮ್ಮ ಮಿಷನ್ನಲ್ಲೇ ಸಾವಿರ ಕೋಟು ಹೊಲ್ಕೊಳ್ತಾನೆ ಅಂದ್ಕೋ. ನಿನ್ನ ಜೀವಕೋಶದಲ್ಲಿ ಅದು ಮಾಡೋದು ಇಷ್ಟೇ. ಈ ಮಾತ್ರೆ ಕಳ್ಳನ್ನ ಕೊಲ್ಲಲ್ಲ. ನಕ್ಷೆ ಕತ್ತರಿಸೋ ಕತ್ತರಿಯ ಕೀಲಿಗೆ ಸಿಕ್ಕಿಕೊಂಡು ಅದು ಆಡದ ಹಾಗೆ ಮಾಡುತ್ತೆ. ದಿನಾ ಸಿಕ್ಕಿಸ್ತಾ ಇರಬೇಕು. ಬಿಟ್ರೆ ಕತ್ತರಿ ಮತ್ತೆ ಆಡುತ್ತೆ. ಅರ್ಧಂಬರ್ಧ ಮದ್ದು ಉಳಿದಿರುವಾಗ ಕೆಲಸ ಮಾಡಿದ ಕಳ್ಳ ಅದನ್ನ ತಪ್ಪಿಸ್ಕೊಳ್ಳೋದನ್ನೂ ಕಲೀತಾನೆ."

"ನನ್ನ ಕನಸೂ ನಿಂತು ಹೋಯ್ತು" ಎಂದೆ. ಏಕೆ ಹೇಳಿದೆನೋ, ಬಾಯಿಗೆ ಬಂತು.

ಅವರು ಪೆನ್ನು ಕೆಳಗಿಟ್ಟರು. "ಎಂಥಾ ಕನಸು?"

ಎಲ್ಲ ಹೇಳಿದೆ. ಬೂದು ಕುದುರೆ, ಬರಗು, ಬಾವುಟದ ಹೊಲಿಗೆ.

"ತಾಯೀ, ಅದು ಎಫಾವಿರೆಂಜ್ ಅಂತ, ನಿನ್ನ ಮಾತ್ರೆಯೊಳಗಿರೋ ಒಂದು ಮದ್ದು. ಮೆದುಳಿನ ಸುತ್ತ ಒಂದು ಬೇಲಿ ಇದೆ, ಎಷ್ಟೋ ಮದ್ದುಗಳನ್ನ ಒಳಗೆ ಬಿಡಲ್ಲ. ಇದು ದಾಟುತ್ತೆ. ವೈರಸ್ಸೂ ಅಲ್ಲಿ ಅಡಗೋದ್ರಿಂದ ದಾಟೋದು ಒಳ್ಳೇದೇ. ಆದ್ರೆ ಹೋದ ಮದ್ದು ಅಲ್ಲಿ ಸುಮ್ನೆ ಕೂರಲ್ಲ, ನಿದ್ದೆ ಕನಸುಗಳನ್ನೆಲ್ಲ ಕಲಕುತ್ತೆ. ತಲೆ ಸುತ್ತುತ್ತೆ, ಕನಸು ಕಣ್ಣಿಗೆ ಕಟ್ಟೋ ಹಾಗೆ ಬೀಳುತ್ತೆ. ಕೆಲವ್ರಿಗೆ ಬದುಕೇ ಬೇಡ ಅನ್ನಿಸಿಬಿಡುತ್ತೆ, ಅದಕ್ಕೇ ನಾನು ಕೇಳ್ತಾ ಇರ್ತೀನಿ. ಮಲಗೋ ಮುಂಚೆ ಏನು ತಿಂತಿದ್ದೆ?"

"ಬಾಲದ ಕೊಬ್ಬಿನ ಸಾರು."

ಅವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನಕ್ಕರು. "ಕೊಬ್ಬಿನ ಜೊತೆ ಹೋದ್ರೆ ಆ ಮದ್ದು ರಕ್ತಕ್ಕೆ ಇನ್ನೂ ಜಾಸ್ತಿ ಸೇರುತ್ತೆ ಕಣಮ್ಮ. ಖಾಲಿ ಹೊಟ್ಟೆ ಅಂದಿದ್ದು ಅದಕ್ಕೇ."

ನನಗೆ ನಗು ಬರಲಿಲ್ಲ. "ಹಾಗಾದ್ರೆ ಮುದುಕ ಇಲ್ವೇ ಇಲ್ವಾ?" ಎಂದೆ. ಅವರು ನಗು ನಿಲ್ಲಿಸಿ, "ಮಾತ್ರೆಗೆ ಕಿರ್ಗಿಜ್ ಭಾಷೆ ಬರಲ್ಲ ಬುರುಲ್. ಆ ಸಾಲುಗಳು ಅದರದ್ದಲ್ಲ" ಎಂದರು. ಆ ಹೊತ್ತಿಗೆ ಅದು ಬರೀ ಸಮಾಧಾನದ ಮಾತಿನಂತೆ ಕೇಳಿಸಿತು.

ಈಗ ಬೇರೆ ಮಾತ್ರೆ ಕೊಟ್ಟಿದ್ದಾರೆ. ಇದು ಕನಸಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲವಂತೆ. ಜ್ವರ ಇಳಿದಿದೆ. ಮದ್ದನ್ನು ತಪ್ಪಿಸಿಕೊಳ್ಳಲು ವೈರಸ್ ಕಲಿತಿದೆಯೇ ಎಂದು ನೋಡಲು ರಕ್ತ ತೆಗೆದಿದ್ದಾರೆ.

ನನಗೆ ಯಾವ ಕರೆಯೂ ಬರಲಿಲ್ಲ ಅಪ್ಪ. ಸಭೆಯ ಎದುರು ನಿಂತು ಹೇಳಲು ನನ್ನ ಬಳಿ ಕನಸಿಲ್ಲ. ನೂರೂಜ್‌ಗೆ ಬರುವುದಿಲ್ಲ, ನಾಲ್ಕು ಹಳ್ಳಿಗೂ ಹೇಳಿಬಿಡಿ. ನನ್ನ ಬಟ್ಟಲನ್ನು ಬೇರೆ ಇಡಬೇಕು ಅನ್ನಿಸಿದರೆ ಅದನ್ನೂ ಬರೆಯಿರಿ, ನನಗೆ ಬೇಸರವಾಗುವುದಿಲ್ಲ. ಸುಳ್ಳು. ಆಗುತ್ತದೆ.

ಬುರುಲ್


ಕಾರಾ-ಬುಲಾಕ್
7 ಮಾರ್ಚ್ 2019

ನನ್ನ ಮಗಳೇ,

ನಿನ್ನ ಕಾಗದವನ್ನು ಕೊಟ್ಟಿಗೆಯಲ್ಲಿ ಓದಿದೆ. ಆಮೇಲೆ ನರಿನ್ ಪೇಟೆಗೆ ಹೋಗಿ, ಹೆಸರು ಹೇಳದೆ, ಅಲ್ಲಿನ ಡಾಕ್ಟರನ್ನು ಕೇಳಿ ಬಂದೆ. ಒಂದೇ ಬಟ್ಟಲಲ್ಲಿ ಕುಡಿದರೆ ಅಂಟುವುದಿಲ್ಲವಂತೆ. ಅಂಟುತ್ತದೆ ಎಂದಿದ್ದರೂ ನಾನು ಕುಡಿಯುತ್ತಿದ್ದೆ. ಅಮ್ಮನಿಗೆ ಹೇಳಿದೆ. ಒಂದು ದಿನ ಪೂರ್ತಿ ಅತ್ತಳು, ಮಾರನೆಯ ದಿನ ನಿನ್ನ ಹಳೆಯ ಬಟ್ಟಲನ್ನು ಉಜ್ಜಿ ಎಲ್ಲರ ಬಟ್ಟಲುಗಳ ನಡುವೆ ಇಟ್ಟಳು.

ಮಾತ್ರೆ ಬಿಸಾಕು ಎಂದು ಬರೆದವನು ನಾನು. ಈ ಕೈಯಿಂದಲೇ ಬರೆದೆ. ನೀನು ನನ್ನ ಮಾತು ಕೇಳಿ ಸತ್ತಿದ್ದರೆ? ಇದನ್ನು ನೆನೆದರೆ ಊಟ ಇಳಿಯುವುದಿಲ್ಲ. ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಕ್ಷಮಿಸು.

ಇನ್ನೊಂದು ವಿಷಯ. ನಿನ್ನ ಅಮ್ಮನಿಗೆ ಮೊದಲಿನಿಂದ ಗೊತ್ತು. ಈಗ ನಿನಗೆ ಹೇಳುತ್ತೇನೆ. ನನಗೆ ಯಾವ ಕನಸೂ ಬಿದ್ದಿರಲಿಲ್ಲ. ಮಂಜೂ ಇಲ್ಲ, ಏಳು ಸವಾರರೂ ಇಲ್ಲ. ಹದಿನೆಂಟು ವಯಸ್ಸಿನಲ್ಲಿ ಕಾಡಿರಾಲಿ ಅಜ್ಜನ ಕುರಿ ಕಾಯುತ್ತ, ಅವನು ಹಾಡಿದ್ದನ್ನು ಕದ್ದು ಕೇಳಿ ಬಾಯಿಪಾಠ ಮಾಡಿದೆ. ಹಾಡಬೇಕೆಂದು ಜೀವ ಹೋಗುತ್ತಿತ್ತು. ಕನಸಿಲ್ಲದವನನ್ನು ಯಾರು ಕೂರಿಸಿಕೊಂಡು ಕೇಳುತ್ತಾರೆ? ಆರು ತಿಂಗಳು ಕಾದೆ, ಬೇಗ ಮಲಗಿದೆ, ಲೇಟಾಗಿ ಎದ್ದೆ, ಬರಲಿಲ್ಲ. ಕೊನೆಗೆ ಕಟ್ಟಿ ಹೇಳಿದೆ. ಆಮೇಲೆ ಹೇಳಿ ಹೇಳಿ ನಲವತ್ತೊಂದು ವರ್ಷ.

ನಿನಗೆ ಮಾತ್ರೆಯಿಂದಲೋ ಕೊಬ್ಬಿನಿಂದಲೋ, ಬಿದ್ದಿತಲ್ಲ. ನಿನ್ನ ಮೊದಲ ಕಾಗದ ಓದಿ ನಾನು ಏಕೆ ಹಾಗೆ ಕುಣಿದೆ ಎಂದು ಈಗ ತಿಳಿಯಿತೇ? ನನಗೆ ಬಾರದ್ದು ನಿನಗೆ ಬಂತು ಎಂದು.

ಬಾ. ಹಾಡುವುದು ಬಿಡುವುದು ಆಮೇಲೆ. ಮಿನಿಬಸ್ ಹತ್ತುವ ಮುಂಚೆ ಮಾತ್ರೆ ತೆಗೆದುಕೋ, ಚೀಲದಲ್ಲಿ ಎಣಿಸಿ ಇಟ್ಟುಕೋ. ಬಾಲದ ಕೊಬ್ಬು ತಿನ್ನಬಹುದೇ ಎಂದು ಡಾಕ್ಟರಮ್ಮನನ್ನು ಕೇಳಿಕೊಂಡು ಬಾ.

ನಿನ್ನ
ಅಪ್ಪ


ಬಿಶ್ಕೆಕ್
30 ಮಾರ್ಚ್ 2019

ಅಪ್ಪನಿಗೆ ಸಲಾಮು.

ಊರಿಂದ ಬಂದು ವಾರವಾಯಿತು, ಕಿವಿಯಲ್ಲಿ ಇನ್ನೂ ಆ ಬಯಲಿನ ಗದ್ದಲವಿದೆ. ಅಲ್ಲಿ ನೀವೂ ಇದ್ದಿರಿ, ಆದರೆ ನಿಮ್ಮ ಮುಖ ನಿಮಗೆ ಕಾಣಲಿಲ್ಲವಲ್ಲ, ಅದಕ್ಕೆ ಬರೆಯುತ್ತೇನೆ.

ಕಾಡಿರಾಲಿ ಅಜ್ಜ, "ಕನಸು ಹೇಳು ಮಗಾ" ಅಂದ. ಏನಾದರೂ ಕಟ್ಟಿ ಹೇಳಿಬಿಡೋಣ ಎಂದು ಬಾಯಿ ತೆರೆದಿದ್ದೆ, ನಿಜ ಹೇಳುತ್ತೇನೆ. ಅಷ್ಟರಲ್ಲಿ ನೀವು ಎದ್ದಿರಿ. ಟೋಪಿ ತೆಗೆದಿರಿ. ಕಿವಿ ಕೆಂಪಾಗಿತ್ತು. "ಇವಳ ಹತ್ರ ಹೇಳೋ ಕನಸಿಲ್ಲ. ನನಗೂ ಬಿದ್ದಿರಲಿಲ್ಲ. ನಲವತ್ತೊಂದು ವರ್ಷ ನಿಮಗೆಲ್ಲ ಸುಳ್ಳು ಹೇಳಿದೀನಿ. ಬೈಯೋದಿದ್ರೆ ನನ್ನ ಬೈರಿ, ಹುಡುಗಿ ಹಾಡು ಕೇಳ್ರಿ" ಎಂದಿರಿ.

ಆಗ ಅಜ್ಜ ಅಂದದ್ದು, ಅಪ್ಪ, ಇವತ್ತಿಗೂ ನೆನೆದರೆ ಮಿಷನ್ ಮುಂದೆ ಕೂತು ಒಬ್ಬಳೇ ನಗುತ್ತೇನೆ: "ಗೊತ್ತಿತ್ತು ಕಣೋ. ನನ್ನ ಕುರಿ ಬೇರೆಯವ್ರ ಹೊಲಕ್ಕೆ ನುಗ್ಗುವಾಗೆಲ್ಲ ನೀನು ನನ್ನ ಕಿಟಕಿ ಕೆಳಗಿರ್ತಿದ್ದೆ. ಕೂತ್ಕೋ. ಏ ಹುಡುಗಿ, ಹಾಡಮ್ಮ."

ಎಲ್ಲಿಂದ ಬಂತೋ ಬಂತು. ಕುದುರೆ ಹೊಳೆ ದಾಟಿತು. ನಿಚ್ಚಳವಾಗಿ ಏನೂ ಕಾಣಲಿಲ್ಲ, ನೆಲವೂ ಓಲಾಡಲಿಲ್ಲ. ಸಾಲು ಸಾಲಾಗಿ ನಾನೇ ನಡೆಸಿಕೊಂಡು ಹೋಗಬೇಕಾಯಿತು, ಎರಡು ಕಡೆ ಮರೆತು ನಿಂತೆ. ಆದರೂ ಹೋದೆ. ಮಧ್ಯದಲ್ಲಿ ನಾನು ಕುಡಿದಿಟ್ಟ ಬಟ್ಟಲನ್ನು ನೀವು ಎತ್ತಿಕೊಂಡು ಉಳಿದದ್ದನ್ನು ಕುಡಿದಿರಿ. ಯಾರಿಗೂ ಅದು ಏನೆಂದು ತಿಳಿಯಲಿಲ್ಲ. ನಾನು ಅತ್ತುಬಿಟ್ಟೆ, ಜನ ವೀರನ ಸಾವಿಗೆ ಅಳುತ್ತಿದ್ದಾಳೆ ಅಂದುಕೊಂಡರು.

ರಕ್ತದ ವರದಿ ಬಂತು. ಕಳ್ಳ ಹೆಚ್ಚೇನೂ ಕಲಿತಿಲ್ಲ, ಹೊಸ ಮಾತ್ರೆಗೆ ಬಗ್ಗಿದ್ದಾನೆ, ರಕ್ತದಲ್ಲಿ ವೈರಸ್ಸಿನ ಲೆಕ್ಕ ಸರಸರನೆ ಇಳಿಯುತ್ತಿದೆ. ಬಾಲದ ಕೊಬ್ಬು ತಿನ್ನಬಹುದಂತೆ. ಕಳಿಸಿ.

ಮೊನ್ನೆ ಒಂದು ಕನಸು ಬಿತ್ತು, ಎಲ್ಲರಿಗೂ ಬೀಳುವಂಥದ್ದು, ಅರ್ಧ ಮರೆತಿದ್ದೇನೆ. ಸಮತ್ ಬಂದಿದ್ದ. ಅಂಗಿಯ ಗುಂಡಿ ಕಿತ್ತಿದೆ, ಹಾಕಿಕೊಡು ಎಂದ. ಬಹಳ ಹೊತ್ತು ಅವನ ಮುಖ ನೋಡಲಿಲ್ಲ. ಆಮೇಲೆ ಹಾಕಿಕೊಟ್ಟೆ.

ನಿಮ್ಮ
ಬುರುಲ್


ಕಾರಾ-ಬುಲಾಕ್
9 ಏಪ್ರಿಲ್ 2019

ಮರಿಕುದುರೆಗೆ,

ಕೊಬ್ಬು ಕಳಿಸಿದ್ದೇನೆ. ಸಮತ್‌ನ ವರ್ಷದ ಊಟವನ್ನು ನಮ್ಮ ಮನೆಯಲ್ಲೇ ಮಾಡೋಣ ಎಂದು ಅಮ್ಮ ಹೇಳುತ್ತಾಳೆ. ನಿನಗೆ ಒಪ್ಪಿಗೆಯಾದರೆ ಮಾತ್ರ.

ಈಗ ಮುಖ್ಯ ವಿಷಯ. ನಿನ್ನೆ ಬೆಳಗಿನ ಜಾವ ನನಗೆ ಕನಸು ಬಿತ್ತು. ಮಂಜಿಲ್ಲ, ಸವಾರರಿಲ್ಲ, ಬೂದು ಕುದುರೆಯೂ ಇಲ್ಲ. ನಾನು ಹದಿನೆಂಟರ ಹುಡುಗ, ಕುರಿ ಬಿಟ್ಟು ಒಂದು ಕಿಟಕಿಯ ಕೆಳಗೆ ಕೂತಿದ್ದೇನೆ. ಒಳಗೆ ಯಾರೋ ಹಾಡುತ್ತಿದ್ದಾರೆ. ಅಜ್ಜನಿರಬೇಕು ಎಂದು ಎದ್ದು ಇಣುಕಿದರೆ, ಕೋಟಿಗೆ ತೋಳು ಕೂಡಿಸುತ್ತ ಹಾಡುತ್ತಿರುವವಳು ನೀನು. ನನ್ನನ್ನು ನೋಡಿ, "ಒಳಗೆ ಬನ್ನಿ ಅಪ್ಪ, ಚಳಿ" ಎಂದೆ.

ಎದ್ದ ಕೂಡಲೇ ಅಮ್ಮನನ್ನು ಎಬ್ಬಿಸಿ ಹೇಳಿದೆ. ಪೂರ್ತಿ ಕೇಳಿದಳು. "ಗೊರಕೆ ಹೊಡೀತಿದ್ರಿ" ಎಂದು ಮಗ್ಗುಲು ಬದಲಿಸಿ ಮಲಗಿಬಿಟ್ಟಳು. ಅವಳದ್ದೂ ತಪ್ಪಿಲ್ಲ, ನಲವತ್ತೊಂದು ವರ್ಷ ಕೇಳಿದ್ದಾಳೆ.

ಆದರೆ ಇದು ನಿಜವಾಗಿ ಬಿದ್ದದ್ದು ಬುರುಲ್. ನಾನು ಯಾವ ಮಾತ್ರೆಯನ್ನೂ ತಿಂದಿಲ್ಲ. ನೀನಾದರೂ ನಂಬು.

ಇವತ್ತಿನ ಮಾತ್ರೆ ತೆಗೆದುಕೊಂಡೆಯಾ?

ನಿನ್ನ
ಅಪ್ಪ